ಒಂಬತ್ತು ಸಹಿಗಳು

“ಇದು ಕಥೆ ಆಯ್ತು, ಇತಿಹಾಸ ಆಗ್ಲಿಲ್ಲ,” ಎಂದರು ಮೇಷ್ಟ್ರು, ಫೋನಿನೊಳಗಿಂದ. ಹೊಲಿಗೆ ಯಂತ್ರಕ್ಕೆ ಒರಗಿಸಿಟ್ಟ ಆ ಫೋನಿನ ಮುಂದೆ ಕುಳಿತಿದ್ದ ಟೈಲರಮ್ಮನ ಕಿವಿ ಬಿಸಿಯಾಯಿತು. ಅವರು ಓದುತ್ತಿದ್ದುದು ಅವಳದೇ ಪ್ರಬಂಧ. ಹೆಸರು ಹೇಳಿರಲಿಲ್ಲ, ಅಷ್ಟೇ ಪುಣ್ಯ. “ಕೇಳಿ. ‘ತಂಡವನ್ನು ಕ್ರೀಡಾಕೂಟಕ್ಕೆ ಕಳಿಸುವುದಿಲ್ಲ ಎಂಬ ತೀರ್ಮಾನ ಆಟಗಾರರಿಗೆ ಗೊತ್ತಾದದ್ದು ರೇಡಿಯೊದಿಂದ. ಅಂದು ಶಿಬಿರದಲ್ಲಿ ಯಾರೂ ಊಟ ಮಾಡಲಿಲ್ಲ.’ ಇದಕ್ಕೆ ಆಧಾರ ಎಲ್ಲಿ? ಬರೆದವರೇನು ಅಲ್ಲಿ ಬಡಿಸ್ತಾ ನಿಂತಿದ್ರಾ?”

ಪರದೆಯ ಚೌಕಗಳಲ್ಲಿದ್ದ ಹುಡುಗ ಹುಡುಗಿಯರು ನಕ್ಕರು. ಟೈಲರಮ್ಮನೂ ತುಟಿ ಅಗಲಿಸಿದಳು, ಸಿಕ್ಕಿಬೀಳಬಾರದಲ್ಲ.

ಅವಳಿಗೆ ಅರವತ್ತಾರು. ಗಂಡ ತೀರಿಕೊಂಡ ಮೇಲೆ, “ದೊಡ್ಡಮ್ಮ, ಹೊತ್ತಾದ್ರೂ ಹೋಗುತ್ತೆ” ಎಂದು ತಂಗಿಯ ಮಗಳು ಮನೆಯಲ್ಲೇ ಕುಳಿತು ಕಲಿಯುವ ಈ ಕ್ರೀಡಾ ಇತಿಹಾಸದ ತರಗತಿಗೆ ಸೇರಿಸಿದ್ದಳು. ಹೊತ್ತೇನೋ ಹೋಗುತ್ತಿತ್ತು. ಗಿರಾಕಿಗಳು ಬರುತ್ತಿದ್ದರು, ತೋಳು ಸಡಿಲ, ಕುತ್ತಿಗೆ ಬಿಗಿ ಎಂದು ಹೇಳಿ ಹೋಗುತ್ತಿದ್ದರು. ಅವಳನ್ನು ಹೆಸರು ಹಿಡಿದು ಕೂಗುವವರು ಅಂತ ಉಳಿದಿದ್ದು ಹಾಜರಿ ತೆಗೆದುಕೊಳ್ಳುವ ಈ ಮೇಷ್ಟ್ರು ಒಬ್ಬರೇ. ಆ ಒಂದು ಕೂಗಿಗಾಗಿ ಅವಳು ಮಂಗಳವಾರ, ಗುರುವಾರ ಮಧ್ಯಾಹ್ನ ತಲೆ ಬಾಚಿಕೊಂಡು ಕೂರುತ್ತಿದ್ದಳು. ಪ್ರಬಂಧದಲ್ಲಿ ಎಲ್ಲೂ ‘ನಾನು’ ಎಂದು ಬರೆಯಕೂಡದು ಎಂಬ ನಿಯಮವಿತ್ತು. ನಿಯಮ ಪಾಲಿಸಿದ್ದೇ ಅವಳ ತಪ್ಪು.

“ಆಧಾರ ಅಂದ್ರೆ ಏನು ಅಂತ ಈಗ ತೋರಿಸ್ತೀನಿ,” ಎಂದು ಮೇಷ್ಟ್ರು ಒಂದು ಹಳೆಯ ಕಾಗದವನ್ನು ಪರದೆಗೆ ತಂದರು. ಟೈಪ್ ಮಾಡಿದ ಎರಡೇ ಸಾಲು. ‘ಕಪ್ಪು ಜನರನ್ನು ಓಟದ ಹಾದಿಗೆ ಬಿಡದ ದೇಶದಲ್ಲಿ ನಾವೂ ಓಡುವುದಿಲ್ಲ. ಸರ್ಕಾರದ ತೀರ್ಮಾನಕ್ಕೆ ನಮ್ಮ ಮನಃಪೂರ್ವಕ ಬೆಂಬಲವಿದೆ.’ ಕೆಳಗೆ ಒಂಬತ್ತು ಸಹಿ. “ಇಡೀ ತಂಡ ಒಪ್ಪಿ ಬರೆದುಕೊಟ್ಟಿದ್ದು. ಇದನ್ನ ನೋಡಿ ಇನ್ನೂ ಆರು ದೇಶದವರು ಹಿಂದೆ ಸರಿದ್ರು. ಆಟಗಾರರು ಮನಸ್ಸು ಮಾಡಿದ್ರೆ ರಾಜಕೀಯ ಅಲ್ಲಾಡುತ್ತೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?”

ಎಲ್ಲಕ್ಕಿಂತ ಮೇಲಿದ್ದ ಸಹಿ ಟೈಲರಮ್ಮನದು. ಮದುವೆಗೆ ಮುಂಚಿನ ಹೆಸರು, ಬಾಲವನ್ನು ಮೇಲಕ್ಕೆತ್ತಿ ಉದ್ದಕ್ಕೆ ಎಳೆದದ್ದು, ಇಪ್ಪತ್ತೆರಡರ ಜಂಬ. ನಲವತ್ತನಾಲ್ಕು ವರ್ಷದ ಹಿಂದೆ, ಬೆಳಗಿನ ಅಭ್ಯಾಸ ಮುಗಿಸಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದಾಗ, ಕ್ರೀಡಾ ಸಂಘದ ಕಾರ್ಯದರ್ಶಿ ಒಂದು ಖಾಲಿ ಹಾಳೆ ಹಿಡಿದು ಬಂದಿದ್ದ. “ಹೊಸ ಬೂಟು ತರಿಸ್ತಿದೀವಿ. ಅಳತೆ ಆಮೇಲೆ ಬರ್ಕೋತೀವಿ, ಈಗ ಸಹಿ ಹಾಕಿ ಸಾಕು.” ನಾನೂರು ಮೀಟರ್ ಓಟದವಳು ಸಹಿ ಹಾಕುವುದಕ್ಕೂ ಎಲ್ಲರಿಗಿಂತ ಮುಂಚೆ ಓಡಿದ್ದಳು. ಬೂಟು ಬರಲಿಲ್ಲ. ಸಂಜೆಯ ರೇಡಿಯೊ ವಾರ್ತೆಯಲ್ಲಿ, ಆಟಗಾರರೇ ಒಪ್ಪಿ ಬರೆದುಕೊಟ್ಟಿದ್ದಾರೆ ಎಂದು ಬಂತು. ಕಟ್ಟಿಕೊಂಡ ಗಂಡನಿಗೂ ಅವಳು ಇದನ್ನು ಹೇಳಿರಲಿಲ್ಲ. ಸಹಿ ಕಣ್ಣೆದುರಿಗಿರುವಾಗ ಬಾಯಿಮಾತನ್ನು ಯಾರು ನಂಬುತ್ತಾರೆ? ಉಳಿದ ಎಂಟು ಜನ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಈಗಲೂ ಸುಮ್ಮನಿದ್ದರೆ ಆ ದಿನ ಅವಳ ಜೊತೆಗೇ ಮಣ್ಣಾಗುವುದಿತ್ತು.

ಅವಳು ಕನ್ನಡಕ ಏರಿಸಿ ಕಾಗದವನ್ನು ದೊಡ್ಡದು ಮಾಡಿ ನೋಡಿದಳು. ಜೇಬು ಮೊದಲು ಕೂತಿತೋ, ಬದಿಯ ಹೊಲಿಗೆ ಮೊದಲು ಬಿತ್ತೋ ಎಂದು ಅಂಗಿ ನೋಡಿಯೇ ಹೇಳುವ ಕಣ್ಣು ಅದು. ಸುಳಿವು ಸಿಕ್ಕಿತು. ಮೈಕು ಒತ್ತಿದಳು.

“ಸರ್, ಎರಡನೇ ಸಾಲು ನೋಡಿ. ‘ಮನಃ’ ಅಂತ ಟೈಪ್ ಮಾಡಿ, ಎರಡು ಬೆರಳು ಜಾಗ ಬಿಟ್ಟು, ಆಮೇಲೆ ‘ಪೂರ್ವಕ’ ಅಂತಿದೆ. ಆ ಸಂದೀಲಿ ಸಹಿಯ ಬಾಲ ನಿಂತಿದೆ.”

“ಹೌದು. ಅದಕ್ಕೇನೀಗ?”

“ಟೈಪ್ ಮಾಡೋವಾಗ ಸಹಿ ಇಲ್ದೇ ಇದ್ದಿದ್ರೆ ಒಂದು ಪದಾನ ಎರಡು ತುಂಡು ಮಾಡೋ ಕರ್ಮ ಯಾಕೆ ಸರ್? ಸಹಿ ಮೊದಲು ಬಿದ್ದಿದೆ, ಮಾತು ಆಮೇಲೆ ಬಂದಿದೆ. ಬಾಲ ತುಳೀಬಾರ್ದು ಅಂತ ದಾಟ್ಕೊಂಡು ಹೋಗಿದಾರೆ.”

ಮೇಷ್ಟ್ರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು. ಹತ್ತು ವರ್ಷದಿಂದ ಅದೇ ಕಾಗದ ತೋರಿಸಿ ಪಾಠ ಮಾಡುತ್ತಿದ್ದವರು. “ನನ್ನ ಕಣ್ಣಿಗೆ ಬೀಳಲೇ ಇಲ್ವಲ್ಲ,” ಎಂದು ಗೊಣಗಿಕೊಂಡರು. “ನಿಮಗೆ ಹೇಗೆ ಹೊಳೀತಮ್ಮ?”

“ಆ ಬಾಲ ಎಳೆದವಳು ನಾನೇ ಸರ್. ಅವತ್ತು ಊಟ ಬಿಟ್ಟವಳೂ ನಾನೇ.”

ಈ ಸಲ ಯಾರೂ ನಗಲಿಲ್ಲ. ಅಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ದ ಮಾತು ಹೊರಬಿದ್ದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಅಷ್ಟೊಂದು ಮುಖಗಳು ಅವಳನ್ನೇ ನೋಡುತ್ತಿದ್ದವು, ಕೋಣೆಯಲ್ಲಿ ಮಾತ್ರ ಅವಳ ಹೊರತು ಯಾರೂ ಇರಲಿಲ್ಲ.

“ಅಂದ್ರೆ ಇದು ನಿಮ್ಮ ಅಭಿಪ್ರಾಯವೇ ಅಲ್ಲ,” ಎಂದರು ಮೇಷ್ಟ್ರು. ಆಗಲೇ ಪೆನ್ನು ಕೈಗೆ ಬಂದಿತ್ತು, ಇತಿಹಾಸ ತಿದ್ದುವ ಆತುರ. “ಆಟಗಾರರಿಗೆ ಈ ಬಹಿಷ್ಕಾರ ಒಪ್ಪಿಗೆ ಇರ್ಲಿಲ್ಲ. ಹೀಗೆ ಬರ್ಕೊಳ್ಲಾ?”

ಟೈಲರಮ್ಮ ಆ ಎರಡು ಸಾಲುಗಳನ್ನು ಇನ್ನೊಮ್ಮೆ ಓದಿದಳು.

“ಹಾಗೆ ಬರ್ಕೋಬೇಡಿ ಸರ್,” ಎಂದಳು. “ಅವತ್ತು ನನ್ನನ್ನ ಒಂದು ಮಾತು ಕೇಳಿದ್ದಿದ್ರೆ, ಇದನ್ನೇ ನನ್ನ ಕೈಯಾರೆ ಬರ್ದು ಕೊಡ್ತಿದ್ದೆ.”