ಡಬ್ಬದ ತಳ ಕಾಣುವವರೆಗೆ

“ಇನ್ನೊಂದು ಕಪ್ ತಗೊಳ್ಳಿ ಮೇಷ್ಟ್ರೇ, ಬೇಡ ಅನ್ನಬೇಡಿ.”

ಹಡಗು ಎಡಕ್ಕೆ ವಾಲಿತು. ಪ್ರವಾಸಕ್ಕೆ ಬಂದಿದ್ದ ಮೇಷ್ಟ್ರು ಒಂದು ಕೈಯಲ್ಲಿ ಮೇಜನ್ನೂ ಇನ್ನೊಂದರಲ್ಲಿ ಹೊಟ್ಟೆಯನ್ನೂ ಹಿಡಿದುಕೊಂಡರು. “ಬೆಳಗ್ಗೆ ತಿಂದಿದ್ದೇ ಒಳಗೆ ನಿಲ್ತಿಲ್ಲ ತಾಯಿ. ಇದನ್ನ ಎಲ್ಲಿಡ್ಲಿ?”

“ತಣ್ಣಗಿರುತ್ತೆ, ಹೊಟ್ಟೆಗೆ ಹಿತ,” ಎಂದು ಆಕೆ ಕಪ್ಪನ್ನು ಅವರ ಕೈಗೆ ತುರುಕಿಯೇಬಿಟ್ಟಳು.

ಹೊರಗೆ ಸಮುದ್ರ ರೊಚ್ಚಿಗೆದ್ದಿತ್ತು. ಡೆಕ್ಕಿಗೆ ಹೋಗುವ ಬಾಗಿಲುಗಳಿಗೆ ಹಗ್ಗ ಕಟ್ಟಿದ್ದರು. ಈಜುಕೊಳದ ನೀರು ಖಾಲಿ ಮಾಡಿದ್ದರು. ತಟ್ಟೆ ಜಾರದಿರಲೆಂದು ಮೇಜುಬಟ್ಟೆಗಳನ್ನು ಒದ್ದೆ ಮಾಡಿ ಹಾಸಿದ್ದರು. ಹೋಗಬೇಕಿದ್ದ ಬಂದರು ಮುಚ್ಚಿತ್ತು. ಗಾಳಿ ಇಳಿಯುವವರೆಗೆ ನೀರಿನ ಮೇಲೆಯೇ ಕಾಯಬೇಕೆಂದು ಕ್ಯಾಪ್ಟನ್ ಹೇಳಿದ್ದರು. ಇಂಥ ದಿನ ಊಟದ ಹಾಲ್‌ನಲ್ಲಿ ಬಿಟ್ಟಿ ಐಸ್‌ಕ್ರೀಮ್! ಮೆಷಿನ್ ಕೆಟ್ಟಿರಬೇಕು, ಕರಗೋ ಮುಂಚೆ ನಮ್ಮ ತಲೆಗೆ ಕಟ್ತಿದ್ದಾರೆ ಎಂದು ಪ್ರಯಾಣಿಕರು ಮಾತಾಡಿಕೊಂಡರು. ಆಕೆ ಅದನ್ನು ಕೇಳಿಸಿಕೊಳ್ಳುತ್ತಲೇ ಮುಂದಿನ ಕಪ್ ತುಂಬಿದಳು.

ಆಕೆ ಹಡಗಿನ ಕೆಲಸದವಳಲ್ಲ. ಐಸ್‌ಕ್ರೀಮ್ ಮಾಡುವ ಅಡುಗೆಯವರ ಹೆಂಡತಿ. ಮದುವೆಯಾದಂದಿನಿಂದ ಗಂಡ ನೀರಿನ ಮೇಲೆ, ಆಕೆ ನೆಲದ ಮೇಲೆ. ನಿವೃತ್ತಿಗೆ ಮುಂಚಿನ ಕೊನೆಯ ಪ್ರಯಾಣ ಇದು. “ಈ ಸಲ ನೀನೂ ಬಾರೇ, ನನ್ನ ಸಮುದ್ರ ತೋರಿಸ್ತೀನಿ,” ಎಂದು ಕರೆತಂದಿದ್ದರು. ತೋರಿಸಿದ್ದೇನು ಬಂತು! ಮೊದಲ ಬಿರುಗಾಳಿಗೇ ಹೆಂಡತಿಯನ್ನು ಒಬ್ಬಳನ್ನೇ ಬಿಟ್ಟು ಮಲಗಿಬಿಟ್ಟಿದ್ದಾರೆ. ಆಕೆಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಆಕೆಯ ಹೆಗಲ ಮೇಲೆ ಗಂಡನ ಉಣ್ಣೆಯ ಮಫ್ಲರ್ ಇತ್ತು, ತಾನೇ ಹೆಣೆದದ್ದು. ಜೀವಮಾನವೆಲ್ಲ ಐಸ್‌ಕ್ರೀಮ್ ಡಬ್ಬ ಇಡುವ ಕೋಲ್ಡ್ ರೂಮಿಗೆ ಹೊಕ್ಕು ಬಂದ ಮನುಷ್ಯನಿಗೆ ಚಳಿ ಕಂಡರೆ ಆಗುತ್ತಿರಲಿಲ್ಲ. ರಜೆಗೆ ಮನೆಗೆ ಬಂದರೆ ಬಿರುಬೇಸಿಗೆಯಲ್ಲೂ ಎರಡು ಕಂಬಳಿ. “ಪಕ್ಕದಲ್ಲಿ ನೀನಿದ್ರೆ ಮೂರನೇದು ಬೇಡ,” ಎಂದು ರೇಗಿಸುತ್ತಿದ್ದರು.

ಊಟದ ಹಾಲ್‌ನ ಮೇಲ್ವಿಚಾರಕ ಹತ್ತಿರ ಬಂದ. ಗಂಡನ ಕೈಕೆಳಗೆ ಕೆಲಸ ಕಲಿತವನು.

“ಅತ್ತಿಗೆ, ಬೆಳಗ್ಗಿಂದ ನಿಂತೇ ಇದ್ದೀರ. ಸಾಕು ಬಿಡಿ. ಸಂಜೆಯೊಳಗೆ ಕೋಲ್ಡ್ ರೂಮ್ ಖಾಲಿ ಆಗ್ಲೇಬೇಕು ಅಂದಿದ್ದಾರೆ ಕ್ಯಾಪ್ಟನ್. ಉಳಿದಿದ್ದನ್ನ ಸಿಂಕಿಗೆ ಸುರಿದುಬಿಡ್ತೀವಿ.”

ಆಕೆ ಡಬ್ಬವನ್ನು ಎದೆಗವಚಿಕೊಂಡಳು.

“ನಿಮ್ಮಣ್ಣ ಕೈಯಾರೆ ಮಾಡಿದ್ದು ಇದು. ಒಂದು ಚಮಚ ಚೆಲ್ಲಿದ್ರೂ ಊರು ತಲೆ ಮೇಲೆ ಹೊತ್ಕೊಳ್ತಿದ್ದ ಮನುಷ್ಯ. ಸಿಂಕಿಗೆ ಸುರೀತೀಯಾ? ಸಂಜೆ ತನಕ ಟೈಮಿದೆ ತಾನೆ? ಒಂದೊಂದು ಡಬ್ಬದ ತಳಾನೂ ಕಾಣಿಸ್ತೀನಿ, ನೋಡ್ತಿರು.”

ಅವನು ಕಣ್ಣು ತಪ್ಪಿಸಿದ. ಏಪ್ರನ್ ಬಿಗಿದುಕೊಂಡು ತಾನೂ ಬಡಿಸಲು ನಿಂತ.

ಮೂತಿಗೆಲ್ಲ ಚಾಕೊಲೇಟ್ ಮೆತ್ತಿಕೊಂಡ ಪುಟ್ಟ ಹುಡುಗಿಯೊಂದು ಮತ್ತೆ ಕಪ್ ಚಾಚಿತು. “ಐಸ್‌ಕ್ರೀಮ್ ತಾತ ಎಲ್ಲಿ? ನಿನ್ನೆ ನಂಗೆ ಮೇಲೆ ಚೆರ್ರಿ ಇಟ್ಟಿದ್ರು.”

“ಮಲಗಿದ್ದಾರೆ ಪುಟ್ಟಿ.”

“ಅವ್ರಿಗೂ ವಾಂತಿನಾ?”

“ಇಲ್ಲ ಕಂದಾ. ತುಂಬಾ ದಣಿದಿದ್ರು.”

ಆಕೆ ಎರಡು ಚೆರ್ರಿ ಇಟ್ಟಳು. ಒಂದು ಜಾರಿ ಕೆಳಗೆ ಬಿತ್ತು. ಆ ಹೊತ್ತಿಗೆ ಹಡಗೇನೂ ಅಲುಗಾಡಿರಲಿಲ್ಲ.

ಮಧ್ಯಾಹ್ನ ಕ್ಯಾಪ್ಟನ್ ಬಂದರು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಎಲ್ಲರ ಹಾಗೆ ಸಾಲಿನಲ್ಲಿ ನಿಂತರು. ಸಕ್ಕರೆ ಕಾಯಿಲೆಯವರು, ಆದರೂ ನಿಂತಲ್ಲೇ ಒಂದು ಕಪ್ ಮುಗಿಸಿದರು. ಹಿಂದೆಯೇ ಎಂಜಿನ್ ರೂಮಿನವರು, ಬಟ್ಟೆ ಒಗೆಯುವವರು, ಪಾತ್ರೆ ತೊಳೆಯುವವರು ಸರದಿಯ ಮೇಲೆ ಬಂದು ತಿಂದು ಹೋದರು.

“ಏನ್ರಪ್ಪಾ, ಬಿಟ್ಟಿ ಐಸ್‌ಕ್ರೀಮ್ ತಿನ್ನೋಕೆ ಇಷ್ಟು ಗಂಭೀರಾನಾ?” ಎಂದರು ಮೇಷ್ಟ್ರು. ಅವರದು ಆಗಲೇ ಮೂರನೇ ಕಪ್ಪು. ಹಡಗಿನವರು ಯಾರೂ ನಗಲಿಲ್ಲ.

ಕತ್ತಲಾಗುವ ಮುಂಚೆ ಕೊನೆಯ ಡಬ್ಬದ ತಳ ಕಂಡಿತು. ಮೂಲೆಯಲ್ಲಿ ಒಂದು ಚಮಚದಷ್ಟು ಉಳಿದಿತ್ತು. ಆಕೆ ಅದನ್ನು ಕೆರೆದು ತನ್ನ ಬಾಯಿಗಿಟ್ಟುಕೊಂಡಳು. ಗಂಡ ಮಾಡಿದ ಐಸ್‌ಕ್ರೀಮಿನ ರುಚಿ ಆಕೆ ನೋಡಿದ್ದು ಅದೇ ಮೊದಲು. ಮನೆಗೆ ತರುವಂಥದ್ದಲ್ಲವಲ್ಲ ಅದು. ಹಡಗು ಹತ್ತಿದ ಮೇಲೂ “ತಡಿಯೇ, ನಿನಗೇ ಅಂತ ಬೇರೆ ಮಾಡ್ತೀನಿ,” ಎನ್ನುತ್ತಲೇ ಇದ್ದರು.

“ಚೆನ್ನಾಗಿದೆ ಕಣ್ರೀ,” ಎಂದಳು, ಯಾರಿಗೂ ಕೇಳದಷ್ಟು ಮೆಲ್ಲಗೆ.

ಮೇಲ್ವಿಚಾರಕ ಬಂದು ತಲೆ ತಗ್ಗಿಸಿ ನಿಂತ. “ಅತ್ತಿಗೆ, ಕೋಲ್ಡ್ ರೂಮ್ ಖಾಲಿ ಆಯ್ತು. ತೊಳೆದಿದ್ದೂ ಆಯ್ತು.”

ಆಕೆ ಮಫ್ಲರನ್ನು ಮಡಿಸಿ ಅವನ ಕೈಯಲ್ಲಿಟ್ಟಳು.

“ಒಳಗೆ ಮಲಗಿಸೋ ಮುಂಚೆ ನಿಮ್ಮಣ್ಣನ ಕುತ್ತಿಗೆಗೆ ಇದನ್ನ ಸುತ್ತಪ್ಪಾ. ಬೆಳಗ್ಗೆ ಉಸಿರು ನಿಂತಾಗ್ಲೂ ಕಂಬಳಿ ಬಿಟ್ಟಿರಲಿಲ್ಲ ಅವ್ರು. ಬಂದರು ಸಿಗೋ ತನಕ ಆ ಚಳೀಲಿ ಒಬ್ಬರೇ ಇರ್ಬೇಕಲ್ಲ.”