ನಾನೂರ ಮೂವತ್ತು

ಕಾಫಿಯಲ್ಲಿ ಏನೋ ಬೆರೆಸಿದ್ದಾರೆ ಎಂಬ ಅನುಮಾನ ಸಂಗಮೇಶನಿಗೆ ಬಂದದ್ದು ಮೂರನೇ ಸ್ಲೈಡಿನ ಹೊತ್ತಿಗೆ. ತಲೆ ಭಾರ. ನಾಲಿಗೆ ಭಾರ. ಬಾಯಿಪಾಠವಾಗಿದ್ದ ಮಾತು ಗಂಟಲಿನವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಕಾಫಿ ತಂದುಕೊಟ್ಟವಳು ಸ್ಫೂರ್ತಿ. ಎದುರು ಪಕ್ಷದವಳು.

ವೈಟ್‌ಫೀಲ್ಡಿನ ಆ ಕಂಪನಿಯ ಕಸುಬೇ ಯಾವ ಜಾಗದ ಮೇಲೆ ಎಷ್ಟು ಇಂಗಾಲದ ಡೈಆಕ್ಸೈಡ್ ತೇಲುತ್ತಿದೆ ಎಂದು ಹೇಳುವುದು. ಹೇಳಲು ಎರಡು ದಾರಿ. ಒಂದು ಸಂಗಮೇಶ ಕಟ್ಟಿದ ಮಾಡೆಲ್: ಎಷ್ಟು ಚಿಮಣಿ, ಎಷ್ಟು ಲಾರಿ, ಗಾಳಿ ಯಾವ ಕಡೆಗೆ ಎಂದು ಲೆಕ್ಕ ಹಾಕಿ ಊಹಿಸುವುದು. ಇನ್ನೊಂದು ಸ್ಫೂರ್ತಿಯ ಉಪಗ್ರಹ: ಮೇಲಿನಿಂದ ನೋಡಿ ಅಳೆಯುವುದು. ಕಾರ್ಖಾನೆಗಳೇ ತುಂಬಿದ ಪೀಣ್ಯದ ವಿಷಯದಲ್ಲಿ ಎರಡಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಮಾಡೆಲ್ ಜಾಸ್ತಿ ಎನ್ನುತ್ತಿತ್ತು, ಉಪಗ್ರಹ ಕಡಿಮೆ. ಇನ್ನು ಮುಂದೆ ಒಂದೇ ಇರಲಿ ಎಂದು ಮುಖ್ಯಸ್ಥೆ ಯಮುನಾ ಈ ಮೀಟಿಂಗ್ ಕರೆದಿದ್ದರು. ಸಂಗಮೇಶ ಸೋತರೆ ಅವನ ಒಂಬತ್ತು ವರ್ಷದ ಮಾಡೆಲ್ ಮುಚ್ಚುತ್ತದೆ, ಅದರ ಜೊತೆ ಅವನ ತಂಡವೂ.

ಅಂಥ ದಿನವೇ ಆಫೀಸಿನಲ್ಲಿ ಆಯುಧಪೂಜೆ. ಬೆಳಿಗ್ಗೆ ಗೇಟಿನಲ್ಲಿ ಬೂದುಗುಂಬಳ ಒಡೆದಾಗಿತ್ತು, ಎಲ್ಲರ ಮೇಜಿನ ಮೇಲೂ ಕಡ್ಲೆಪುರಿ ಪೊಟ್ಟಣ. ಹಿರಿಯನೆಂದು ಪೂಜೆಯ ತಟ್ಟೆ ಸಂಗಮೇಶನ ಕೈಗೇ ಬಂದಿತ್ತು. ಬೆಂಗಳೂರಿನವರು ಒಂದು ಬೊಟ್ಟು ಕುಂಕುಮವಿಟ್ಟು ಮುಗಿಸುತ್ತಾರೆ. ಇವನು ಇಂಡಿ ತಾಲೂಕಿನವನು. ಅವ್ವ ಮುದುಕವ್ವ ಕಲಿಸಿದಂತೆ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ದಪ್ಪಗೆ ಎಳೆದೇ ತೀರಬೇಕು. ಸರ್ವರ್, ಪ್ರಿಂಟರ್, ಪ್ರೊಜೆಕ್ಟರ್, ಕಾಫಿ ಮೆಷಿನ್, ಕಣ್ಣಿಗೆ ಬಿದ್ದ ಯಾವುದನ್ನೂ ಬಿಡಲಿಲ್ಲ. ಇವತ್ತೊಂದು ದಿನ ಯಾವ ಯಂತ್ರವೂ ತನ್ನ ಮೇಲೆ ಮುನಿಸಿಕೊಳ್ಳದಿರಲಿ ಎಂಬ ಆಸೆ, ಪಾಪ.

ಊಟವಾದ ಮೇಲೆ ಹದಿನಾಲ್ಕು ಜನ ಗಾಜಿನ ಮೀಟಿಂಗ್ ರೂಮಿಗೆ ಹೊಕ್ಕರು. ಕೆಳಗಿನ ಆಟೋ ಸ್ಟ್ಯಾಂಡಿನವರ ತಮಟೆ ಇಲ್ಲಿಗೂ ಕೇಳುತ್ತಿದ್ದರಿಂದ ಬಾಗಿಲು ಭದ್ರವಾಗಿ ಹಾಕಿಸಿದರು.

“ಪೀಣ್ಯದ ಮೇಲೆ ನಿಮ್ಮ ಮಾಡೆಲ್ ಹೇಳೋಷ್ಟು ಇಲ್ವೇ ಇಲ್ಲ ಸಾರ್,” ಎಂದಳು ಸ್ಫೂರ್ತಿ. “ಸ್ಯಾಟಲೈಟ್ ನೋಡಿ ಹೇಳ್ತಿದೆ. ಕಂಡಿದ್ದನ್ನ ಬಿಟ್ಟು ಊಹೆ ನಂಬೋಕಾಗುತ್ತಾ?”

ಇದಕ್ಕೆ ಸಂಗಮೇಶನ ಬಳಿ ಉತ್ತರವಿತ್ತು. ಬೆಳಿಗ್ಗೆ ಮೆಟ್ರೋದಲ್ಲಿ ನಿಂತು ಹೇಳಿಕೊಂಡಿದ್ದ. ಈಗ ಹುಡುಕಿದರೆ ಸಿಗಲಿಲ್ಲ.

“ಮೋಡ ಅಡ್ಡ ಬಂತಂದ್ರ...” ಎಂದು ಶುರುಮಾಡಿ ನಿಲ್ಲಿಸಿದ. ಯಮುನಾ ಆಕಳಿಸಿದರು. ಅವರ ಪಕ್ಕದವರೂ ಆಕಳಿಸಿದರು. ತನ್ನ ಮಾತೇ ಅಷ್ಟು ಸಪ್ಪೆ ಎಂದುಕೊಂಡ. ಸ್ಫೂರ್ತಿಯೊಬ್ಬಳು ಮಾತ್ರ ಚುರುಕಾಗಿದ್ದಳು. ಮಗುವಿಗೆ ಜ್ವರವೆಂದು ಮತ್ತೆ ಮತ್ತೆ ಫೋನ್ ಹಿಡಿದು ಹೊರಗೆ ಹೋಗುವಳು, ಮುಖ ತೊಳೆದವಳ ಹಾಗೆ ಒಳಗೆ ಬರುವಳು. ಹೊರಗೆ ಯಾರೋ ಹೇಳಿಕೊಡುತ್ತಿದ್ದಾರೇನೋ. ಸಂಗಮೇಶನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಕೊನೆಯ ಸಲ ಒಳಗೆ ಬಂದವಳು ಗೋಡೆಯತ್ತ ಕೈ ತೋರಿಸಿದಳು. ಅಲ್ಲಿದ್ದದ್ದು ಗಾಳಿಯ ಮೀಟರ್. ರೂಮಿನೊಳಗಿನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಡೈಆಕ್ಸೈಡ್ ಎಷ್ಟು ಪಾಲು ಎಂದು ಅಳೆದು, ಹೆಚ್ಚಾದರೆ ಹೊರಗಾಳಿಯ ಫ್ಯಾನನ್ನು ತಾನೇ ಹಾಕುವಂಥದ್ದು. ಚೆಂಡುಹೂವಿನ ಮಾಲೆಯ ನಡುವೆ ಅದರ ಹಸಿರು ಅಂಕೆ ಹೊಳೆಯುತ್ತಿತ್ತು.

“ಸುಮ್ನೆ ಒಂದು ಪ್ರಶ್ನೆ ಸಾರ್. ಅದನ್ನ ನೋಡ್ದೆ ಹೇಳಿ. ಈ ರೂಮಲ್ಲಿ ಈಗ ಎಷ್ಟಿರ್ಬೇಕು?”

ಸಂಗಮೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಷ್ಟು ಜನ, ಮುಚ್ಚಿದ ಬಾಗಿಲು, ಎರಡು ಗಂಟೆಗೂ ಮೀರಿದ ಮಾತು. “ಫ್ಯಾನ್ ಸಪ್ಪಳ ಇಲ್ಲ. ಮೂರ್ ಸಾವಿರ ಇರಬೇಕ್ರೀ.”

“ಮೀಟರ್ ನಾನೂರ ಮೂವತ್ತು ಅಂತಿದೆ. ಹೊರಗಿನ ಗಾಳಿಯಷ್ಟೇ.”

ರೂಮಿಗೆ ರೂಮೇ ನಕ್ಕಿತು. ಸಂಗಮೇಶ ತಿರುಗಿ ನೋಡಿದ. ನಾನೂರ ಮೂವತ್ತು, ಕಣ್ಣೆದುರಿಗೇ. ಇಷ್ಟು ಚಿಕ್ಕ ರೂಮಿನ ಲೆಕ್ಕವೇ ಇಷ್ಟು ತಪ್ಪಿದರೆ ಪೀಣ್ಯದ್ದು ಹೇಗೆ ಸರಿಯಿದ್ದೀತು? ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಮಾಡೆಲ್ ಮೇಲೆ ನಂಬಿಕೆ ಹೋಯಿತು.

“ನೀವಂದಂಗ ಆಗ್ಲಿ,” ಎಂದ.

“ಹಾಗಾದ್ರೆ ಸ್ಯಾಟಲೈಟ್,” ಎಂದರು ಯಮುನಾ, ಇನ್ನೊಂದು ಆಕಳಿಕೆಯ ನಡುವೆ. “ಹಬ್ಬ ಮುಗಿದ್ಮೇಲೆ ಮಾಡೆಲ್ ಬಂದ್ ಮಾಡ್ಬಿಡಿ.”

ದುಃಖವಾಗಲಿಲ್ಲ. ಏನೂ ಆಗಲಿಲ್ಲ. ಮರಗಟ್ಟಿದವನ ಹಾಗೆ ಲಿಫ್ಟಿನಲ್ಲಿ ಇಳಿದು, ಗೇಟಿನ ಹೊರಗೆ ಒಡೆದ ಕುಂಬಳದ ಪಕ್ಕ ನಿಂತುಕೊಂಡ. ರಸ್ತೆಯ ತುಂಬ ಕ್ಯಾಬು, ಟ್ಯಾಂಕರು, ಹೊಗೆ. ಆ ಹೊಗೆ ಕುಡಿಯುತ್ತಾ ನಿಂತವನ ತಲೆ ಹಗುರಾಗುತ್ತಾ ಬಂತು, ಅದೇ ಸೋಜಿಗ. ಕಳೆದುಹೋಗಿದ್ದ ಉತ್ತರ ಇಡಿಯಾಗಿ ವಾಪಸು ಬಂತು: ಮೋಡ ಮುಚ್ಚಿದ ದಿನಗಳಿಗೆ ನಾವು ಉಪಗ್ರಹದ ಹಳೆಯ ಅಂಕೆಯನ್ನೇ ತುಂಬುತ್ತೇವೆ, ಕಣ್ಣು ಕಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಸಂಗಮೇಶ ಮತ್ತೆ ಮೇಲಕ್ಕೆ ಓಡಿದ. ಯಮುನಾ ಹೊರಟುಹೋಗಿದ್ದರು. ಮೀಟಿಂಗ್ ರೂಮಿನಲ್ಲಿ ಇದ್ದವನು ಕಟ್ಟಡ ನೋಡಿಕೊಳ್ಳುವ ಆವಲಪ್ಪನೊಬ್ಬನೇ. ಮಾಲೆಗಳನ್ನು ಕಿತ್ತುಹಾಕಿ, ಒದ್ದೆ ಬಟ್ಟೆಯಲ್ಲಿ ಗೋಡೆಯ ಮೀಟರ್ ಉಜ್ಜುತ್ತಿದ್ದ.

“ತೂತೆಲ್ಲಾ ಕಟ್ಕೊಂಡವೆ ಸಾಮಿ,” ಎಂದ.

ಬಟ್ಟೆ ತೆಗೆದದ್ದೇ ತಡ, ಅಂಕೆ ಮೇಲೇರತೊಡಗಿತು. ಸಾವಿರ. ಎರಡು ಸಾವಿರ. ಮೂರು ಸಾವಿರದ ಹತ್ತಿರ ಬಂದು ಕೆಂಪಾಗಿ ನಿಂತಿತು. ಮೇಲೆ ಫ್ಯಾನ್ ಭರ್ರೆಂದು ತಿರುಗಿತು.

ಹಾಗಾದರೆ ತಲೆ ಭಾರ ಮಾಡಿದ್ದು, ಎಲ್ಲರಿಗೂ ಆಕಳಿಕೆ ತರಿಸಿದ್ದು ಈ ರೂಮಿನ ಗಾಳಿಯೇ; ಕಾಫಿಯದೇನೂ ತಪ್ಪಿರಲಿಲ್ಲ. ಲೆಕ್ಕದ್ದೂ ಇರಲಿಲ್ಲ! ಮಾಡೆಲ್ ಉಳಿಯಿತು, ತಂಡ ಉಳಿಯಿತು. ಸಂಗಮೇಶ ಯಮುನಾಗೆ ಫೋನ್ ಹಚ್ಚಿದ. ರಿಂಗಾಗುತ್ತಿತ್ತು.

“ಯಾವನೋ ಬೇಕಂತ್ಲೇ ಮಾಡವ್ನೆ,” ಎಂದ ಆವಲಪ್ಪ, ಬಟ್ಟೆಯಿಂದ ಬಿಳಿ ನೀರು ಹಿಂಡುತ್ತಾ. “ತೂತಿನ ಮ್ಯಾಲೇ ಸರ್ಯಾಗಿ ಮೂರ್ ಗೆರೆ ಎಳ್ದವ್ನೆ. ಮೀಟರ್ ಕೆಡ್ಲಿ ಅಂತ ಕಾಯ್ತಿದ್ದೋನೇ ಇರ್ಬೇಕು. ಮೇಡಂಗೆ ಏಳಿ ಸಾಮಿ, ಇಡ್ಸಿ ಅವ್ನನ್ನ.”

“ಹಲೋ, ಹೇಳಿ ಸಂಗಮೇಶ್,” ಎಂದರು ಯಮುನಾ.

“ಏನಿಲ್ರೀ ಮೇಡಂ,” ಎಂದ ಸಂಗಮೇಶ, ಬಲಗೈಯ ಮೂರು ಬೆರಳು ಮಡಚಿಕೊಳ್ಳುತ್ತಾ, “ಹಬ್ಬದ ಶುಭಾಶಯ ಹೇಳೂಣು ಅಂತ ಮಾಡಿದ್ದೆ.”