ಹೊಡೆದವನ ಪಾಲು

"ಕಡವೆಗೆ ನನ್ನ ಹಳೇ ತೋಟಾ ಕೋವಿನೇ ಸಾಕು. ಆದ್ರೆ ಐವತ್ತು ಗಜದಾಚೆ ಗುರಿ ಇಡಬಾರದು," ಎಂದರು ಮಾವ.

ಅಳಿಯ ನಕ್ಕ. "ನಿಮ್ಮದು ಗಿಳಿ ಓಡಿಸೋ ಕೋವಿ, ಮಾವ. ನನ್ನ ತ್ರೀ ಫಿಫ್ಟೀನ್ ರೈಫಲ್ಲಿಗೆ ಮುನ್ನೂರು ಗಜವೂ ಒಂದೇ, ಮನೆ ಅಂಗಳವೂ ಒಂದೇ."

ಕಣಿವೆಯಾಚೆಯ ಗುಡ್ಡದಲ್ಲಿ ಕಡವೆಯೊಂದು ಮೇಯುತ್ತಿತ್ತು. ಮಾವ ಬೇಡವೆನ್ನುವಷ್ಟರಲ್ಲಿ ಗುಂಡು ಹಾರಿತು, ಕಡವೆ ಉರುಳಿತು.

"ಹೊಡೆದವನಿಗೆ ತಲೆ. ನಮ್ಮೂರ ಪದ್ಧತಿ," ಎಂದು ದಾರಿಯುದ್ದಕ್ಕೂ ಗುಡ್ಡಕ್ಕೆಲ್ಲ ಕೇಳುವಂತೆ ಹೇಳುತ್ತಾ ಅಳಿಯ ಮೀಸೆ ತಿರುವಿದ.

ಗುಡ್ಡ ಹತ್ತಿದರೆ, ಕಡವೆಯ ಪಕ್ಕದಲ್ಲಿ ಫಾರೆಸ್ಟ್ ಗಾರ್ಡ್ ಕೂತು ಬೀಡಿ ಸೇದುತ್ತಿದ್ದ.

"ಬನ್ನಿ ಬನ್ನಿ. ಹೊಡೆದವನಿಗೆ ತಲೆ ಅಲ್ವಾ? ಯಾರಿಗೆ ಕೊಡ್ಲಿ?"

ಅಳಿಯ ರೈಫಲನ್ನು ಬೆನ್ನ ಹಿಂದೆ ಸರಿಸಿದ.

"ನನ್ನ ಕೋವಿ ಐವತ್ತು ಗಜ ದಾಟಲ್ಲ ಸಾರ್. ಬೇಕಾದ್ರೆ ಮಾವನ್ನೇ ಕೇಳಿ."